ಆಟಿ ಮಳೆಯಲ್ಲಿ ಚೊಚ್ಚಲ ಹೆರಿಗೆಯ ಚೀಲ

ಆಟಿ ತಿಂಗಳಲ್ಲಿ ಮೂಡುಬಿದಿರೆ ಹತ್ತಿರದ ಶಿರ್ತಾಡಿ ಕಡೆಯ ಮನೆಗಳಲ್ಲಿ ಬಟ್ಟೆ ಒಣಗುವುದಿಲ್ಲ. ಅಂಗಳದ ಹಗ್ಗ ಹಿಂದಿನ ತಿಂಗಳು ಕಾರ್ತೆಲ್ ಹಿಡಿದಾಗಲೇ ಜಗಲಿಗೆ ಬಂದಿರುತ್ತದೆ. ಆಟಿಯ ಹೊತ್ತಿಗೆ ಜಗಲಿಯಲ್ಲೂ ಪ್ರಯೋಜನವಿಲ್ಲವೆಂದು ಬಚ್ಚಲಿನ ಒಲೆಯ ಮೇಲಕ್ಕೆ ಸರಿಯುತ್ತದೆ. ಅಡಿಕೆ ತೋಟದ ಅಂಚಿನ ಈ ಮನೆಯಲ್ಲಿ ಈಗ ಆ ಹಗ್ಗದ ತುಂಬ ಬಿಳಿ ಬಟ್ಟೆಯ ಚೌಕಗಳು. ಕೆಳಗೆ ಹಂಡೆಯ ನೀರು ಕುದಿಯುತ್ತಿದೆ. ಹೊರಗೆ ರಬ್ಬರ್ ತೋಟದ ಮೇಲೆ ಮಳೆ ಒಂದೇ ಸಮನೆ ಹೊಯ್ಯುತ್ತಿದೆ. ಮಗಳಿಗೆ ಒಂಬತ್ತು ತುಂಬುತ್ತಾ ಬಂದಿದೆ. ಇನ್ನು ಮೂರು ವಾರ ಎಂದು ಡಾಕ್ಟರು ಹೇಳಿದ್ದಾರೆ. ಆದರೆ ಹೇಳಿದ ದಿನಕ್ಕೇ ಹುಟ್ಟುವ ಮಕ್ಕಳು ನೂರಕ್ಕೆ ನಾಲ್ಕೋ ಐದೋ ಅಷ್ಟೆ. ಆದ್ದರಿಂದ ಈ ವಾರವೇ ಆಸ್ಪತ್ರೆಯ ಚೀಲ ಕಟ್ಟಿಡಬೇಕೆಂದು ಮನೆಯವರು ಕೂತಿದ್ದಾರೆ.

ಏಳನೇ ತಿಂಗಳಲ್ಲಿ ಬಯಕೆ ಬಡಿಸಿ, ಮಡಿಲು ತುಂಬಿಸಿ ತವರಿನವರು ಅವಳನ್ನು ಕರೆತಂದರು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆನ್ನುವುದು ಇಲ್ಲಿ ಬಂಟರಿಗೂ ಬಿಲ್ಲವರಿಗೂ ಜೈನರಿಗೂ ಕ್ರೈಸ್ತರಿಗೂ ಸಮಾನ ರೂಢಿ. ಗಂಡ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ದಿನಾ ರಾತ್ರಿ ಫೋನು ಮಾಡುತ್ತಾನೆ. ಮೊನ್ನೆ ಒಂದು ಉದ್ದನೆಯ ಪಟ್ಟಿಯನ್ನೂ ಫೋನಿಗೆ ಕಳುಹಿಸಿದ. ಅದರಲ್ಲಿ ದಿಂಬು, ಪರಿಮಳದ ಮೇಣದಬತ್ತಿ, ಹಾಡು ಕೇಳುವ ಯಂತ್ರ ಎಲ್ಲ ಇದ್ದವು. ಮಗಳು ಅದನ್ನು ಗಟ್ಟಿಯಾಗಿ ಓದಿದಳು. ಅಮ್ಮ ಬೀಡಿ ಕಟ್ಟುವ ತಡ್ಪೆಯನ್ನು ಮಡಿಲಿನಿಂದ ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡರು. "ಅದೆಲ್ಲ ಇರಲಿ ಮಗಾ, ಬಕೆಟು ಬರೆದಿದ್ದಾರಾ?" ಎಂದರು. ಬಕೆಟು ಬರೆದಿರಲಿಲ್ಲ. ಸರಕಾರಿ ಆಸ್ಪತ್ರೆಯ ವಾರ್ಡಿನಲ್ಲಿ ಒಂದು ರಾತ್ರಿ ಕಳೆದ ಯಾರಿಗಾದರೂ ಗೊತ್ತು, ಬಕೆಟು, ಮಗ್ಗು, ಬಿಸಿನೀರಿನ ಫ್ಲಾಸ್ಕು ಈ ಮೂರಿಲ್ಲದೆ ಅಲ್ಲಿ ಬೆಳಗಾಗುವುದಿಲ್ಲ. ಊರಿನ ಪಟ್ಟಿ ಊರಿನವರಿಂದಲೇ ಬರಬೇಕು.

ಬಟ್ಟೆಯ ಕೆಲಸ ಅಜ್ಜಿಯದು. ಅಜ್ಜ ಉಟ್ಟು ಹಳತಾದ ಮೂರು ಪಂಚೆಗಳನ್ನು ಅವರು ಮರದ ಪೆಟ್ಟಿಗೆಯಿಂದ ತೆಗೆದಿದ್ದಾರೆ. ಕತ್ತರಿ ಮುಟ್ಟುವುದಿಲ್ಲ. ಅಂಚನ್ನು ಹಲ್ಲಿನಲ್ಲಿ ಕಚ್ಚಿ ಒಂದು ಬಿರುಕು ಮಾಡುತ್ತಾರೆ. ಆಮೇಲೆ ಎರಡೂ ಕೈಯಲ್ಲಿ ಹಿಡಿದು ಎಳೆದರೆ ನೂಲಿನ ದಾರಿಯಲ್ಲೇ ಬಟ್ಟೆ ಸರ್ರನೆ ಸೀಳಿಕೊಂಡು ಹೋಗುತ್ತದೆ. ಕತ್ತರಿಯಲ್ಲಿ ಕತ್ತರಿಸಿದರೆ ಅಂಚು ಸೊಟ್ಟಗಾಗಿ ನೂಲು ಬಿಚ್ಚಿ ಮಗುವಿನ ಬೆರಳಿಗೆ ಸುತ್ತಿಕೊಳ್ಳುತ್ತದಂತೆ. ಸೀಳಿದ ಪ್ರತಿ ತುಂಡನ್ನೂ ಅಂಗೈಯ ಹಿಂಬದಿಗೆ ತಿಕ್ಕಿ ನೋಡುತ್ತಾರೆ, ಆಮೇಲೆ ಕೆನ್ನೆಗೆ. ದೊರಗು ಅನ್ನಿಸಿದ ತುಂಡು ನೆಲ ಒರೆಸಲು ಪಕ್ಕಕ್ಕೆ ಹೋಗುತ್ತದೆ. ಪಾಸಾದ ತುಂಡುಗಳನ್ನು ಕುದಿಯುವ ನೀರಿನಲ್ಲಿ ಹಾಕಿ, ಹಿಂಡಿ, ಒಲೆಯ ಮೇಲಿನ ಹಗ್ಗಕ್ಕೆ ಹರವುತ್ತಾರೆ. ಅಲ್ಲಿಂದ ಇಳಿಸಿದಾಗ ಬಟ್ಟೆಗೆ ಸ್ವಲ್ಪ ಹೊಗೆಯ ವಾಸನೆ ಇರುತ್ತದೆ, ಒಂದಿಷ್ಟು ತೇವವೂ ಇರುತ್ತದೆ. ಆದ್ದರಿಂದ ಕೊನೆಯ ಹಂತ ಇಸ್ತ್ರಿ ಪೆಟ್ಟಿಗೆ. ಎರಡೂ ಮಗ್ಗುಲು ಇಸ್ತ್ರಿ ಹಾಕಿ, ಬಿಸಿ ಆರುವ ಮೊದಲೇ ಒಗೆದ ತಲೆದಿಂಬಿನ ಚೀಲದೊಳಗೆ ಕಟ್ಟಿಡಬೇಕು. ಕರೆಂಟು ಹೋಗುವ ಮೊದಲು ಇದು ಮುಗಿಯಬೇಕಾದ್ದರಿಂದ ಮಗಳ ಅಣ್ಣ ರಾತ್ರಿ ಊಟದ ನಂತರ ಇಸ್ತ್ರಿಗೆ ಕೂರುತ್ತಾನೆ.

ಹುಟ್ಟುವ ಮೊದಲು ಮಗುವಿಗೆ ಹೊಸ ಬಟ್ಟೆ ತರಬಾರದು. ಇದು ಅಜ್ಜಿಯ ಮಾತು, ಊರಿನ ಮಾತು ಕೂಡ. ಹಾಗಾಗಿ ಚೀಲದಲ್ಲಿ ಹೊಸದಾದದ್ದು ಒಂದೂ ಇಲ್ಲ. ಎರಡು ಜಬಲೆ ದೊಡ್ಡಮ್ಮನ ಮೊಮ್ಮಗಳದ್ದು. ಉಲ್ಲನ್ ಟೋಪಿ, ಕಾಲುಚೀಲ ಪಕ್ಕದ ಮನೆಯ ಬಾಯಮ್ಮ ಕೊಟ್ಟದ್ದು. ಅವರ ಮೂವರು ಮಕ್ಕಳೂ ಅದನ್ನು ಹಾಕಿಕೊಂಡು ಬೆಳೆದರು, ಈಗ ಒಬ್ಬ ಕುವೈತಿನಲ್ಲಿದ್ದಾನೆ. ಚೆನ್ನಾಗಿ ಬೆಳೆದ ಮಗುವಿನ ಬಟ್ಟೆ ಹುಟ್ಟುವ ಮಗುವಿಗೆ ಶುಭ ಎಂದು ಹೆಂಗಸರು ನಂಬುತ್ತಾರೆ. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. 1971ರಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ 129 ಮೊದಲ ವರ್ಷ ದಾಟುತ್ತಿರಲಿಲ್ಲ. ತಂದ ಹೊಸ ಅಂಗಿ ಮಗುವಿಲ್ಲದೆ ಪೆಟ್ಟಿಗೆಯಲ್ಲಿ ಉಳಿಯುವುದನ್ನು ಆ ಕಾಲದ ತಾಯಂದಿರು ಕಣ್ಣಾರೆ ಕಂಡಿದ್ದರು. 2020ರ ಹೊತ್ತಿಗೆ ಆ ಸಂಖ್ಯೆ 28ಕ್ಕೆ ಇಳಿದಿದೆ. ಸಂಖ್ಯೆ ಇಳಿದಷ್ಟು ಬೇಗ ಭಯ ಇಳಿಯುವುದಿಲ್ಲ. ಅದೂ ಅಲ್ಲದೆ, ಹತ್ತಾರು ಸಲ ಒಗೆದ ಹತ್ತಿಬಟ್ಟೆಯಲ್ಲಿ ಗಂಜಿಯೂ ಇಲ್ಲ, ಬಿಡುವ ಬಣ್ಣವೂ ಇಲ್ಲ. ಅಂಗಡಿಯ ಹೊಸ ಅಂಗಿಯನ್ನು ಒಗೆಯದೆ ಮಗುವಿಗೆ ತೊಡಿಸಬೇಡಿ ಎಂದು ಈಗಿನ ದಾದಿಯರೂ ಹೇಳುತ್ತಾರೆ.

ಚೀಲ ಯಾವುದು? ಗಲ್ಫಿನಿಂದ ಸೋದರಮಾವ ತಂದ ಟ್ರಾವೆಲ್ ಬ್ಯಾಗು. ವಿಮಾನದ ಚೀಟಿ ಇನ್ನೂ ಹಿಡಿಗೆ ಅಂಟಿಕೊಂಡಿದೆ. ಹೊರಮೈ ನೀರು ಕುಡಿಯುವುದಿಲ್ಲ, ಎರಡು ಹೊರಜೇಬುಗಳಿವೆ. ಮಳೆಗಾಲದ ಹೆರಿಗೆಗೆ ಇದಕ್ಕಿಂತ ಒಳ್ಳೆಯ ಚೀಲ ಸಿಗಲಾರದು. ಆದರೂ ಒಳಗಿನ ಪ್ರತಿಯೊಂದು ಕಟ್ಟನ್ನೂ ಜವುಳಿ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇಟ್ಟಿದ್ದಾರೆ. ಮನೆಯಿಂದ ರಸ್ತೆಗೆ ತೋಟದ ದಾರಿಯಲ್ಲಿ ನಡೆಯಬೇಕು; ರಿಕ್ಷಾದ ಬದಿಯ ಪರದೆ ಎಷ್ಟು ಕಟ್ಟಿದರೂ ಮಳೆ ಒಳಗೆ ಬಂದೇ ಬರುತ್ತದೆ.

ಮಧ್ಯಾಹ್ನದ ಹೊತ್ತಿಗೆ ಆಶಾ ಕಾರ್ಯಕರ್ತೆ ಕೊಡೆ ಮಡಚುತ್ತಾ ಬಂದರು. ಅವರು ಬಟ್ಟೆಯ ಕಟ್ಟುಗಳ ಕಡೆ ನೋಡಲೇ ಇಲ್ಲ. "ಕಾರ್ಡು ಕೊಡಿ" ಎಂದು ಕೂತರು. ತಾಯಿ ಕಾರ್ಡಿನ ಪುಟಗಳನ್ನು ಒಂದೊಂದಾಗಿ ತಿರುಗಿಸಿದರು. ರಕ್ತದ ಗುಂಪು ಬರೆದಿದೆಯೇ, ಕೊನೆಯ ತಿಂಗಳ ಹಿಮೋಗ್ಲೋಬಿನ್ ಎಷ್ಟು, ಬಿಪಿ ಎಷ್ಟು, ಟಿಡಿ ಚುಚ್ಚುಮದ್ದು ಎರಡೂ ಆಗಿದೆಯೇ ಎಂದು ನೋಡಿದರು. ಹುಡುಗಿಯದು ನೆಗೆಟಿವ್ ಗುಂಪು. ಅವರು ಅಲ್ಲಿ ಬೆರಳಿಟ್ಟು, ಅಮ್ಮನನ್ನೂ ಅಣ್ಣನನ್ನೂ ಹತ್ತಿರ ಕರೆದು ಹೇಳಿದರು: "ಮಗುವಿನ ಗುಂಪು ಪಾಸಿಟಿವ್ ಆದರೆ ಇವಳಿಗೆ ಹೆರಿಗೆಯಾಗಿ 72 ಗಂಟೆಯೊಳಗೆ ಒಂದು ಇಂಜೆಕ್ಷನ್ ಕೊಡಬೇಕು. ಆಸ್ಪತ್ರೆಯವರೇ ನೋಡುತ್ತಾರೆ. ಆದರೆ ನಿಮಗೂ ಗೊತ್ತಿರಲಿ, ನೀವೂ ಕೇಳಿ." ಅಣ್ಣ ಆ ಪುಟದ ಫೋಟೋ ತೆಗೆದುಕೊಂಡ.

ನನ್ನ ಲೆಕ್ಕದಲ್ಲಿ ಇಡೀ ಚೀಲದಲ್ಲಿ ಅತಿ ಮುಖ್ಯವಾದದ್ದು ಈ ಕಾಗದದ ಕಟ್ಟು. ಬಟ್ಟೆ ಮರೆತರೆ ಆಸ್ಪತ್ರೆಯ ಎದುರಿನ ಅಂಗಡಿಯಲ್ಲಿ ಸಿಗುತ್ತದೆ. ಎಂಟು ತಿಂಗಳ ರಕ್ತ ಪರೀಕ್ಷೆ, ಸ್ಕ್ಯಾನಿಂಗಿನ ವರದಿ, ಯಾವ ಮಾತ್ರೆಗೆ ಮೈಮೇಲೆ ತುರಿಕೆ ಬಂದಿತ್ತು ಎನ್ನುವ ಟಿಪ್ಪಣಿ ಎಲ್ಲಿಯೂ ಸಿಗುವುದಿಲ್ಲ. ತವರಿಗೆ ಬಂದ ಹೆಣ್ಣುಮಕ್ಕಳಿಗೆ ಇನ್ನೊಂದು ತೊಡಕೂ ಇದೆ. ಕಾರ್ಡು ಮಾಡಿಸಿದ್ದು ಗಂಡನ ಊರಿನಲ್ಲಿ, ಹೆರಿಗೆ ಇಲ್ಲಿ. ಕಾರ್ಡು ಎಲ್ಲಿಯಾದರೂ ನಡೆಯುತ್ತದೆ. ಆದರೆ ಆಧಾರ್ ಒಂದು ವಿಳಾಸದಲ್ಲಿ, ರೇಷನ್ ಕಾರ್ಡು ಇನ್ನೊಂದರಲ್ಲಿ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಮದುವೆಗೆ ಮೊದಲಿನ ಹೆಸರು, ಹೀಗಿದ್ದರೆ ಹೆರಿಗೆಯ ನಂತರ ಬರಬೇಕಾದ ದುಡ್ಡು ಅಲೆದಾಡಿಸುತ್ತದೆ. ಜನನಿ ಸುರಕ್ಷಾ, ಮೊದಲ ಮಗುವಿಗೆ 5000 ರೂಪಾಯಿ ಕೊಡುವ ಮಾತೃವಂದನಾ, ಎರಡೂ ಯೋಜನೆಗಳಿಗೆ ಹೆಸರು ಹೊಂದಬೇಕು. ಗಂಡನ ಆಧಾರ್ ಪ್ರತಿ ಕೂಡ ಜೊತೆಗಿದ್ದರೆ ಒಳ್ಳೆಯದು. ಅವನು ಅದನ್ನು ಆ ರಾತ್ರಿಯೇ ಫೋನಿಗೆ ಕಳುಹಿಸಿದ, ಅಣ್ಣ ಮರುದಿನ ಪೇಟೆಯಲ್ಲಿ ಪ್ರಿಂಟು ತೆಗೆಸಿದ. ಎಲ್ಲವೂ ಒಂದು ಗುಂಡಿ ಹಾಕುವ ಪ್ಲಾಸ್ಟಿಕ್ ಫೈಲಿನಲ್ಲಿ, ಚೀಲದ ಹೊರಜೇಬಿನಲ್ಲಿ. ಮುಂದೆ ಜನನ ನೋಂದಣಿಗೂ ಇವೇ ಕಾಗದಗಳು. 1969ರ ಕಾಯ್ದೆಯ ಪ್ರಕಾರ ಅದಕ್ಕೆ 21 ದಿನಗಳ ಗಡುವು.

ಎಲ್ಲಿಗೆ ಹೋಗುವುದೆಂಬುದೂ ಮೊದಲೇ ತೀರ್ಮಾನವಾಗಬೇಕು. ಶಿರ್ತಾಡಿಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರವಿದೆ. ತಿಂಗಳ ತಪಾಸಣೆ, ಚುಚ್ಚುಮದ್ದು, ಕಬ್ಬಿಣದ ಮಾತ್ರೆ ಅಲ್ಲಿ. ಹೆರಿಗೆಗೆ ಮೂಡುಬಿದಿರೆ, ಇಲ್ಲವೇ ಮಂಗಳೂರು. ಮೂಡುಬಿದಿರೆಯಲ್ಲಿ ಸರಕಾರಿ ಸಮುದಾಯ ಆರೋಗ್ಯ ಕೇಂದ್ರವೂ ಇದೆ, ಖಾಸಗಿ ಆಸ್ಪತ್ರೆಗಳೂ ಇವೆ. ಏನಾದರೂ ತೊಡಕಾದರೆ ಮಂಗಳೂರಿನ ಲೇಡಿಗೋಶನ್. ಇಡೀ ಜಿಲ್ಲೆಯ ಬಡ ಬಸುರಿಯರಿಗೆ, ಆಚೆ ಕಾಸರಗೋಡಿನವರಿಗೂ, ಅದು ತಲೆಮಾರುಗಳಿಂದ ಹೆಸರಾದ ಸರಕಾರಿ ಹೆರಿಗೆ ಆಸ್ಪತ್ರೆ. ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿದ್ದ ಕಾಲದ ಹೆಸರು ಅದಕ್ಕೆ ಇನ್ನೂ ಉಳಿದಿದೆ. ನೆಗೆಟಿವ್ ಗುಂಪು, ಮೊದಲ ಹೆರಿಗೆ ಎಂದು ಈ ಮನೆಯವರು ನೇರ ಅಲ್ಲಿಗೇ ಹೋಗುವುದೆಂದು ನಿಶ್ಚಯಿಸಿದ್ದಾರೆ. ಶಿರ್ತಾಡಿಯಿಂದ ಮೂಡುಬಿದಿರೆ, ಅಲ್ಲಿಂದ ತೋಡಾರು, ಮಿಜಾರು, ಎಡಪದವು, ಗಂಜಿಮಠ, ಕೈಕಂಬ, ಗುರುಪುರದ ಸೇತುವೆ, ವಾಮಂಜೂರು ದಾಟಿ ನಂತೂರಿಗೆ ಇಳಿಯಬೇಕು. ಹಗಲಿನಲ್ಲಿ, ಬಿಸಿಲಿನಲ್ಲಿ ಅದೇನೂ ದೂರವಲ್ಲ. ಆಟಿಯ ಮಳೆಯಲ್ಲಿ, ನಡುರಾತ್ರಿ, ಮಗ್ಗುಲಲ್ಲಿ ನೋವು ತಿನ್ನುವ ಹೆಣ್ಣುಮಗಳನ್ನು ಕೂರಿಸಿಕೊಂಡರೆ ಅದು ಬಹಳ ಉದ್ದದ ದಾರಿ. ಗಾಳಿಗೆ ಬಿದ್ದ ಮರವೊಂದು ರಸ್ತೆಗೆ ಅಡ್ಡವಾದರೆ ಏನು ಮಾಡುವುದೆಂದು ಅಣ್ಣ ರಿಕ್ಷಾ ಪಾರ್ಕಿನಲ್ಲಿ ಕೂತು ಚರ್ಚಿಸಿ ಬಂದಿದ್ದಾನೆ. ಕಾರಿರುವ ಒಬ್ಬರು, ರಿಕ್ಷಾದವರು ಇಬ್ಬರು, ಮತ್ತೆ 108. ನಾಲ್ಕು ನಂಬರುಗಳನ್ನು ರಟ್ಟಿನ ತುಂಡಿನಲ್ಲಿ ದೊಡ್ಡದಾಗಿ ಬರೆದು ಚೀಲದ ಹಿಡಿಗೆ ಕಟ್ಟಿದ್ದಾನೆ. ಫೋನು ಚಾರ್ಜಿಲ್ಲದೆ ಸತ್ತರೆ ಬೇರೆಯವರ ಫೋನಿನಲ್ಲಾದರೂ ಮಾಡಬಹುದಲ್ಲ.

ಗಂಡ ಆ ಹೊತ್ತಿಗೆ ಬಂದು ತಲುಪುತ್ತಾನೆಂಬ ಭರವಸೆ ಇಡುವಂತಿಲ್ಲ. ಮಳೆ ಜೋರಾದರೆ ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿಯುತ್ತದೆ, ಚಾರ್ಮಾಡಿಯಲ್ಲೂ ಅದೇ ಕತೆ. ಅದು ಅವನಿಗೂ ಗೊತ್ತು. ಹೇಳಿದ ದಿನಕ್ಕೆ ಒಂದು ವಾರ ಮೊದಲೇ ರಜೆ ಹಾಕಿ ಬರುತ್ತೇನೆಂದು ಹೇಳಿದ್ದಾನೆ. ಬರಲಿ.

ಅಜ್ಜಿ ಇಸ್ತ್ರಿಯಾದ ಬಟ್ಟೆ ಮಡಚುತ್ತಾ ತನ್ನ ಕಾಲದ್ದನ್ನು ಹೇಳಿದರು. ಐದು ಹೆರಿಗೆ, ಐದೂ ಈ ಮನೆಯ ಒಳಕೋಣೆಯಲ್ಲೇ. ಚೀಲವೆಂಬುದಿರಲಿಲ್ಲ. ಹಳೆ ಚಾಪೆ, ಒಂದು ಹಂಡೆ ಬಿಸಿನೀರು, ಸೂಲಗಿತ್ತಿ. ಎರಡನೆಯ ಮಗು ಉಳಿಯಲಿಲ್ಲ. ಅಷ್ಟು ಹೇಳಿ ಅವರು ಇನ್ನೊಂದು ಬಟ್ಟೆ ಎತ್ತಿಕೊಂಡರು. ಯಾರೂ ಏನೂ ಕೇಳಲಿಲ್ಲ.

ಮನೆಯಿಂದ ಆಸ್ಪತ್ರೆಗೆ ಹೆರಿಗೆ ಸರಿದದ್ದು ತೀರ ಹಿಂದಿನ ಮಾತಲ್ಲ. 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ನೂರು ಹೆರಿಗೆಗಳಲ್ಲಿ ಸುಮಾರು 65 ಮಾತ್ರ ಆಸ್ಪತ್ರೆಯಲ್ಲಿ ಆಗಿದ್ದವು. 2019-21ರ ಸಮೀಕ್ಷೆಯಲ್ಲಿ ಅದು 97. ಇದರ ನಡುವೆ ಆಶಾ ಕಾರ್ಯಕರ್ತೆಯರು ಬಂದರು, 2008ರಲ್ಲಿ ರಾಜ್ಯದಲ್ಲಿ 108 ಆಂಬುಲೆನ್ಸ್ ಓಡಲಾರಂಭಿಸಿತು, 2011ರಲ್ಲಿ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಬಂತು. ಅದರಡಿ ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಔಷಧ, ಪರೀಕ್ಷೆ, ಬೇಕಾದರೆ ರಕ್ತ ಎಲ್ಲ ಉಚಿತ. ಸಾಮಾನ್ಯ ಹೆರಿಗೆಗೆ ಮೂರು ದಿನ, ಸಿಸೇರಿಯನ್ ಆದರೆ ಏಳು ದಿನ ಊಟವೂ ಉಚಿತ. ಅದಕ್ಕಿಂತ ಮೊದಲೇ, 2007ರಲ್ಲಿ, ಕರ್ನಾಟಕ ಸರಕಾರ ಮಡಿಲು ಕಿಟ್ ಶುರು ಮಾಡಿತ್ತು. ಸರಕಾರಿ ಆಸ್ಪತ್ರೆಯಲ್ಲಿ ಹೆತ್ತ ಬಡ ತಾಯಂದಿರಿಗೆ 19 ಸಾಮಾನುಗಳ ಒಂದು ಚೀಲ. ಸೊಳ್ಳೆಪರದೆ, ಜಮಖಾನ, ಹೊದಿಕೆ, ಹೊಟ್ಟೆಗೆ ಕಟ್ಟುವ ಬಟ್ಟೆ, ಪ್ಯಾಡು, ಸಾಬೂನು, ಬಾಚಣಿಗೆ, ತೆಂಗಿನೆಣ್ಣೆ, ಮಗುವಿಗೆ ರಬ್ಬರ್ ಹಾಳೆಯ ಹಾಸಿಗೆ, ಸ್ವೆಟರು, ಟೋಪಿ. ಸಾವಿರಾರು ಮೈಲಿ ಆಚೆ ಫಿನ್ಲೆಂಡಿನಲ್ಲಿ 1938ರಿಂದಲೇ ಬಡ ತಾಯಂದಿರಿಗೆ ಇಂಥದೇ ಪೆಟ್ಟಿಗೆ ಕೊಡುತ್ತಿದ್ದರು, 1949ರಿಂದ ಎಲ್ಲ ತಾಯಂದಿರಿಗೂ. ಅಲ್ಲಿ ಅದು ಇಂದಿಗೂ ನಡೆದಿದೆ. ನಮ್ಮ ಮಡಿಲು ಹಂಚಿಕೆ ಕೆಲವು ವರ್ಷ ನಡೆದು ನಿಂತುಹೋಯಿತು. ನಿಲ್ಲಬಾರದಿತ್ತು. ಬಾಚಣಿಗೆಯನ್ನೂ ನೆನಪಿಟ್ಟು ಚೀಲ ತುಂಬಿದವರು ಯಾರೋ ಬಾಣಂತಿಯನ್ನು ಹತ್ತಿರದಿಂದ ಕಂಡವರೇ ಇರಬೇಕು.

ಈಗ ಹುಡುಗಿಯ ಸಾಮಾನು. ಎದುರಿಗೆ ಗುಂಡಿಯಿರುವ ನೈಟಿ ನಾಲ್ಕು, ಮಗುವಿಗೆ ಹಾಲು ಕೊಡಲು ಅದೇ ಅನುಕೂಲ. ಸಡಿಲ ಲಾಡಿಯ ಲಂಗ ಎರಡು. ಇಲಾಸ್ಟಿಕ್ ಬೇಡ, ಹೊಟ್ಟೆ ಕೊಯ್ದರೆ ಹೊಲಿಗೆಯ ಮೇಲೆ ಒತ್ತುತ್ತದೆ. ದಪ್ಪ ಪ್ಯಾಡು ಎರಡು ಕಟ್ಟು. ಹೆರಿಗೆಯ ನಂತರದ ಸ್ರಾವ ವಾರಗಟ್ಟಲೆ ಇರುತ್ತದೆಂದು ಮದುವೆಯಾದ ಹುಡುಗಿಯರಿಗೂ ಯಾರೂ ಹೇಳಿರುವುದಿಲ್ಲ. ಆಶಾ ಕಾರ್ಯಕರ್ತೆ ಅದನ್ನು ಅವಳ ಅಣ್ಣನ ಎದುರಲ್ಲೇ ಹೇಳಿದ್ದು ನನಗೆ ಮೆಚ್ಚುಗೆಯಾಯಿತು. ಜಾರದ ಚಪ್ಪಲಿ. ಎರಡು ಬೈರಾಸು. ಉಗುರಿನ ಬಣ್ಣ ಈಗಲೇ ತೆಗೆಯಬೇಕು, ಬೆರಳಿಗೆ ಹಾಕುವ ಆಮ್ಲಜನಕದ ಕ್ಲಿಪ್ಪಿಗೆ ಅದು ಅಡ್ಡಿ. ಬಳೆ, ಬೆಂಡೋಲೆ ಮನೆಯಲ್ಲೇ ಇರಲಿ ಎಂದರು ಆಶಾ ಕಾರ್ಯಕರ್ತೆ. ಕರಿಮಣಿಯ ಮಾತು ಬಂದಾಗ ಅಮ್ಮನ ಮುಖ ಸಣ್ಣದಾಯಿತು. ಆಪರೇಷನ್ ಕೋಣೆಗೆ ಹೋಗುವಾಗ ಹೇಗೂ ತೆಗೆಸುತ್ತಾರೆ. ಅಮ್ಮ ಒಂದು ಸಣ್ಣ ಬಟ್ಟೆಚೀಲ ಹೊಲಿದು, ಅದನ್ನು ತನ್ನ ಸೊಂಟಕ್ಕೆ ಕಟ್ಟಿಕೊಳ್ಳುತ್ತೇನೆಂದು ಒಪ್ಪಿದರು.

ಅಜ್ಜಿಯದು ಇನ್ನೊಂದು ಗಂಟಿತ್ತು. ಓಲೆಬೆಲ್ಲ, ಒಳ್ಳೆಮೆಣಸು, ಓಮ, ಜೀರಿಗೆ, ಒಣಶುಂಠಿ, ಬೆಳ್ಳುಳ್ಳಿ, ಮತ್ತೆ ಮಗುವಿಗೆ ತೇಯ್ದು ನೆಕ್ಕಿಸಲು ಬಜೆ, ಒಂದು ಸಣ್ಣ ಬಾಟಲಿ ಜೇನು. ಇದು ಆಸ್ಪತ್ರೆಗೆ ಹೋಗಬಾರದೆಂದು ಆಶಾ ಕಾರ್ಯಕರ್ತೆ ಮೆಲ್ಲಗೆ, ಆದರೆ ಗಟ್ಟಿಯಾಗಿ ಹೇಳಿದರು. ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ಎದೆಹಾಲು, ಆರು ತಿಂಗಳವರೆಗೆ ಅದೊಂದೇ. ಜೇನಿಲ್ಲ, ನೀರಿಲ್ಲ, ಬಜೆಯಿಲ್ಲ. ಮೊದಲು ಬರುವ ಹಳದಿ ಹಾಲನ್ನು ಹಿಂಡಿ ಚೆಲ್ಲಬಾರದು, ರೋಗ ತಡೆಯುವ ಶಕ್ತಿ ಅದರಲ್ಲೇ ಇರುವುದು. ಹುಟ್ಟಿದ ದಿನವೇ ಮಗುವನ್ನು ಮೀಯಿಸುವುದೂ ಬೇಡ, ಬೆಚ್ಚಗೆ ಒರೆಸಿ ತಾಯಿಯ ಎದೆಗೆ ಒತ್ತಿ ಮಲಗಿಸಿದರೆ ಸಾಕು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಜೇನಿನ ಬಾಟಲಿಯನ್ನೂ ಬಜೆಯನ್ನೂ ಬೇರೆ ತೆಗೆದು ಅಡುಗೆಮನೆಗೆ ಕೊಟ್ಟರು. ಉಳಿದ ಗಂಟನ್ನು ಮಾತ್ರ ಬಿಡಲಿಲ್ಲ. "ಬಾಣಂತಿ ಮನೆಗೆ ಬಂದ ಮೇಲೆ ಡಾಕ್ಟರ ಹತ್ತಿರ ಕೇಳಿಯೇ ಕೊಡುತ್ತೇನೆ" ಎಂದರು. ಇಬ್ಬರ ಮಾತೂ ನಿಂತಿತು. ಹತ್ತಿ ಮತ್ತು ತಲೆಗೆ ಕಟ್ಟುವ ಸ್ಕಾರ್ಫು ಮಾತ್ರ ಅಜ್ಜಿಯ ಪಾಲಿನದಾಗಿ ಚೀಲಕ್ಕೆ ಹೋದವು. ಕಿವಿಗೆ ಗಾಳಿ ಹೋದರೆ ಬಾಣಂತಿಗೆ ಬದುಕಿಡೀ ತಲೆನೋವು ಎಂಬ ಅವರ ನಂಬಿಕೆಯಿಂದ ಯಾರಿಗೂ ನಷ್ಟವಿಲ್ಲ.

ಎಲ್ಲರೂ ಮರೆಯುವ ಇನ್ನೊಂದು ಚೀಲವಿದೆ, ಜೊತೆಗೆ ನಿಲ್ಲುವವರದ್ದು. ಆಸ್ಪತ್ರೆಯವರು ಬೈಸ್ಟ್ಯಾಂಡರ್ ಎನ್ನುವ ಆ ಒಬ್ಬ ಹೆಂಗಸು ನಾಲ್ಕೈದು ದಿನ ವಾರ್ಡಿನಲ್ಲಿ ನೆಲದ ಮೇಲೆ ಮಲಗಬೇಕು. ಇಲ್ಲಿ ಅದು ಅಮ್ಮ. ಅಮ್ಮನಿಗೆ ಬಿಪಿ ಇದೆ. ಮಗಳ ಸಾಮಾನನ್ನು ಮೂರು ಸಲ ಲೆಕ್ಕ ಹಾಕಿದ ಅಮ್ಮ ತನ್ನ ಮಾತ್ರೆಯನ್ನು ಒಮ್ಮೆಯೂ ನೆನಪು ಮಾಡಲಿಲ್ಲ. ಮಗಳೇ ಎದ್ದು ಹೋಗಿ ಹದಿನೈದು ದಿನಕ್ಕಾಗುವಷ್ಟು ಮಾತ್ರೆ ತಂದು, ಚಾಪೆ, ಶಾಲು, ಎರಡು ಸೀರೆ, ಸ್ಟೀಲ್ ಬಟ್ಟಲು, ಒಂದು ಡಬ್ಬಿ ಅವಲಕ್ಕಿ, ಫೋನಿನ ಚಾರ್ಜರು ಎಲ್ಲ ಒಂದು ಬಿಗ್‌ಶಾಪರಿನಲ್ಲಿ ತುಂಬಿಸಿದಳು. ಬೀಡಿ ಬ್ರಾಂಚಿನಿಂದ ಬಂದ ವಾರದ ದುಡ್ಡಿನಲ್ಲಿ ಐನೂರರ ನೋಟು ಕೆಲವು, ರಿಕ್ಷಾಕ್ಕೆ ಚಹಾಕ್ಕೆಂದು ಚಿಲ್ಲರೆ ಕೆಲವು, ಅಮ್ಮನ ಪರ್ಸಿಗೆ ಹೋದವು.

ಸಂಜೆ ಆಶಾ ಕಾರ್ಯಕರ್ತೆ ಹೊರಡುವ ಮೊದಲು ಎಲ್ಲರನ್ನೂ ಕೂರಿಸಿ ಕೊನೆಯ ಪಾಠ ಹೇಳಿದರು. ಚೊಚ್ಚಲಿಗೆ ನೋವು ಶುರುವಾದರೂ ಸಾಮಾನ್ಯವಾಗಿ ಸಮಯವಿರುತ್ತದೆ, ಗಾಬರಿ ಬೇಡ. ಬಂದು ಹೋಗುವ ನೋವು ಐದೈದು ನಿಮಿಷಕ್ಕೊಮ್ಮೆ ಕ್ರಮವಾಗಿ ಬರತೊಡಗಿದರೆ ಹೊರಡಿ. ಆದರೆ ರಕ್ತ ಹೋದರೆ, ನೀರು ಒಡೆದರೆ, ಮಗುವಿನ ಮಿಸುಕಾಟ ಕಮ್ಮಿಯಾದರೆ, ತಲೆ ಸಿಡಿದು ಕಣ್ಣು ಮಂಜಾದರೆ ಒಂದು ನಿಮಿಷವೂ ಕಾಯಬೇಡಿ. ಆಗ ನೋವಿಗಾಗಿ ಕಾಯುವುದೇ ಅಪಾಯ. ಆಮೇಲೆ ಅಣ್ಣನ ಕಡೆ ತಿರುಗಿ, ತಾಯಿ ಕಾರ್ಡು ಎಲ್ಲಿದೆ ಎಂದು ಕೇಳಿದರು. ಹೊರಜೇಬಿನಲ್ಲಿ, ಎಂದ. ಮಗುವಿನ ಮೊದಲ ಬಟ್ಟೆ? ಎಲ್ಲಕ್ಕಿಂತ ಮೇಲೆ, ತಲೆದಿಂಬಿನ ಚೀಲದಲ್ಲಿ, ಎಂದ. ಹುಡುಗಿ ಗೋಡೆಗೆ ಒರಗಿ ಕೂತು ಕೇಳುತ್ತಿದ್ದಳು. ಅವಳು ಒಂದು ಮಾತೂ ಹೇಳಬೇಕಾಗಲಿಲ್ಲ.

ಚೀಲ ಸರಿಯಾಗಿ ಕಟ್ಟಿದೆಯೆಂಬುದಕ್ಕೆ ಗುರುತು ಅದೇ. ನೋವಿನ ನಡುವೆ ಇರುವವಳ ಬಳಿ ಯಾವುದು ಎಲ್ಲಿದೆ ಎಂದು ಕೇಳುವಂತಾಗಬಾರದು. ನಿಮ್ಮ ಮನೆಯಲ್ಲಿ ಚೊಚ್ಚಲ ಬಸುರಿ ಇದ್ದರೆ ಮೂವತ್ತಾರನೇ ವಾರ ಕಳೆಯುವ ಮೊದಲು ಚೀಲ ಕಟ್ಟಿಡಿ. ಕಟ್ಟುವಾಗ ಗಂಡ, ಅಣ್ಣ, ಅಪ್ಪ, ಮಾವ ಯಾರಿದ್ದಾರೋ ಅವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ದೂರದಲ್ಲಿರುವ ಗಂಡನಿಗೆ ತಾಯಿ ಕಾರ್ಡಿನ ಪ್ರತಿ ಪುಟದ ಫೋಟೋ ಇವತ್ತೇ ಕಳುಹಿಸಿ, ಹೆಂಡತಿಯ ರಕ್ತದ ಗುಂಪು ಅವನಿಗೆ ಬಾಯಿಪಾಠ ಬರಲಿ.